ಬದನೆಕಾಯಿ ಬಣ್ಣದ ಬಂಪರ್

ಜನವರಿ 18

ಯಜಮಾನರಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿ ಮಾತ್ರ ಅವರ ಮಗನ ಹಾಗೆ, ಹೇಳಿದ ಮಾತು ಕೇಳುವುದಿಲ್ಲ.

ಇದೇನು ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಫೋನಿನಲ್ಲಿ ನಾವು "ಊಟ ಆಯ್ತಾ", "ಆಯ್ತು" ದಾಟಿ ಮುಂದೆ ಹೋದದ್ದು ಯಾವತ್ತು? ಅಷ್ಟರಲ್ಲಿ ಅತ್ತೆ ಕಿತ್ತುಕೊಂಡು, ನೀವೇನೋ ಬೆಟ್ಟದ ಆಚೆ ನಿಂತಿದ್ದೀರಿ ಎನ್ನುವ ಹಾಗೆ ಕೂಗತೊಡಗುತ್ತಾರೆ. ಆಮೇಲೆ ನನ್ನ ಕೈಗೆ ಬರುವುದು ಬಿಸಿಯಾದ ಫೋನ್ ಮಾತ್ರ. ಅದಕ್ಕೇ ಸಾಮಾನಿನ ಜೊತೆಗೆ ಈ ಕಾಗದವನ್ನೂ ಇಟ್ಟಿದ್ದೇನೆ.

ಸಾಮಾನು ಎಂದರೆ ನಮ್ಮ ಕಾರಿನ ಮುಂದಿನ ಬಂಪರ್. ಹೌದು, ನಮ್ಮದೇ. ತರಕಾರಿ ಮಾರುಕಟ್ಟೆಯ ತಿರುವಿನಲ್ಲಿ ಕೈಗಾಡಿಯವನೊಬ್ಬ ಹಿಂದೆ ಮುಂದೆ ನೋಡದೆ ಗಾಡಿ ತಿರುಗಿಸಿದ. ಕಬ್ಬಿಣದ ಮೂಲೆ ಎಡಗಡೆ ಉದ್ದಕ್ಕೂ ಎಳೆದುಕೊಂಡು ಹೋಯಿತು. ಅವನನ್ನು ಬೈಯೋಣ ಎಂದು ಇಳಿದೆ. ಅವನೇ ಅಳುವ ಮುಖ ಮಾಡಿಕೊಂಡು ಎರಡು ಮೂಲಂಗಿ ಕೊಟ್ಟ. ಇಸಿದುಕೊಂಡು ಮನೆಗೆ ತಂದೆ.

ನಿನ್ನೆ ಬಿಚ್ಚಿದೆ. ಬಾನೆಟ್ ಎತ್ತಿ ಮೇಲಿನ ಬೋಲ್ಟು, ಅಡಿಯ ಕ್ಲಿಪ್ಪು, ಚಕ್ರದ ಗೂಡಿನ ಒಳಗಿರುವ ಸ್ಕ್ರೂ, ಎಲ್ಲ ಸಲೀಸಾಗಿ ಬಂದವು. ಫಾಗ್ ಲ್ಯಾಂಪಿನ ವೈರನ್ನೂ ಬಿಡಿಸಿದೆ. ಪಕ್ಕಕ್ಕೆ ಎಳೆದು ಬಿಡಿಸುವ ಹೊತ್ತಿಗೆ ಆಚೆ ತುದಿ ಹಿಡಿಯಲು ಯಾರೂ ಇರಲಿಲ್ಲ. ಅತ್ತೆಯನ್ನೇ ನಿಲ್ಲಿಸಿದೆ. ಎರಡೂ ಕೈಯಲ್ಲಿ ಹಿಡಿದು, "ಇದು ಇಷ್ಟು ಹಗುರ ಇದ್ಯಲ್ಲೇ, ಗುದ್ದಿದ್ರೆ ಏನು ತಡೆಯುತ್ತೆ?" ಎಂದು ಕೇಳಿದರು. ಒಳಗೆ ಕಬ್ಬಿಣದ ಪಟ್ಟಿ ಬೇರೆ ಇದೆ ಅತ್ತೆ, ಇದು ಬರೀ ಮುಖ ಎಂದೆ. ಈಗ ಕಾರು ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜನ ಹಾಗೆ ಶೆಡ್ಡಿನಲ್ಲಿ ನಿಂತಿದೆ.

ಬಣ್ಣ ನಿಮ್ಮದು, ಫಿಟ್ಟಿಂಗ್ ನನ್ನದು ಎಂದು ಮದುವೆಯಾದ ವರ್ಷವೇ ಹಂಚಿಕೊಂಡಿದ್ದೇವಲ್ಲ. ಮೂರು ಡಬ್ಬಿಯ ತಳದಲ್ಲಿ ಉಳಿದದ್ದನ್ನು ಒಂದು ಎಣ್ಣೆ ಟಿನ್ನಿಗೆ ಸುರಿದು, ಕಣ್ಣಳತೆಯಲ್ಲೇ ನೀವು ಕಲಸಿದ ಬಣ್ಣ ಅದು. ನಂಬರಿಲ್ಲ, ಲೆಕ್ಕವಿಲ್ಲ. ಆ ಬದನೆಕಾಯಿ ಬಣ್ಣವನ್ನು ಈ ಊರಿನಲ್ಲಿ ಇನ್ಯಾರು ಕಲಸುತ್ತಾರೆ? ಅದಕ್ಕೇ ನಿಮಗೆ ಕಳಿಸುತ್ತಿದ್ದೇನೆ. ಹಳೆಯ ಹೊದಿಕೆಯಲ್ಲಿ ಸುತ್ತಿ ಲಾರಿ ಆಫೀಸಿಗೆ ಒಯ್ದರೆ ಗುಮಾಸ್ತ ಒಂದು ಹೆಜ್ಜೆ ಹಿಂದೆ ಸರಿದು, "ಒಳಗಿರೋದು ಯಾರಮ್ಮಾ?" ಎಂದ.

ಬಣ್ಣ ಆದ ಮೇಲೆ ಮತ್ತೆ ಲಾರಿಗೆ ಹಾಕಬೇಡಿ. ಹೊಸ ಬಣ್ಣಕ್ಕೆ ಗೀರು ಬೀಳುತ್ತದೆ. ಈ ಕಡೆಗೆ ಬರುವವರು ಯಾರಾದರೂ ಇದ್ದರೆ ಕೈಯಲ್ಲೇ ತರುವುದು ವಾಸಿ. ಅವಸರವೇನಿಲ್ಲ. ಆದರೆ ತೀರಾ ತಡವೂ ಬೇಡ.

ಶೆಡ್ಡಿನವಳು


ಜನವರಿ 29

ಫಿಟ್ಟರಮ್ಮನಿಗೆ,

ಬಂಪರ್ ತಲುಪಿತು. ಎರಡು ತುದಿಗೂ ಅಡ್ಡ ಹಗ್ಗ ಬಿಗಿದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ದಾರಿಯಲ್ಲೇ ಅಗಲವಾಗಿ ಬಿಡುತ್ತಿತ್ತು. ಇಲ್ಲಿ ಹತ್ತು ಜನ ಫಿಟ್ಟರುಗಳಿದ್ದಾರೆ. ಒಬ್ಬನಿಗೂ ಹಗ್ಗ ಕಟ್ಟುವ ಬುದ್ಧಿಯಿಲ್ಲ. ಬಿಚ್ಚಿದ್ದನ್ನು ಗೋಡೆಗೆ ಒರಗಿಸಿ ಹೋಗುತ್ತಾರೆ, ವಾರ ಬಿಟ್ಟು ಜೋಡಿಸುವಾಗ ಕೂರುವುದಿಲ್ಲ ಎಂದು ಪೇಂಟರನ್ನು ಬೈಯುತ್ತಾರೆ.

ಗೀರು ನೋಡಿದೆ. ಇಷ್ಟಕ್ಕೆ ಇಡೀ ಬಂಪರ್ ಬಿಚ್ಚಿದೆಯಾ? ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಸಣ್ಣ ಬ್ರಷ್ಷಿನಲ್ಲಿ ಮುಚ್ಚಬಹುದಿತ್ತು. ಇರಲಿ, ಬಂದದ್ದು ಬಂತು, ಪೂರ್ತಿ ಹೊಡೆಯುತ್ತೇನೆ.

ಹೊರಗಿನ ಸಾಮಾನು ಇಲ್ಲಿ ಬಣ್ಣ ಹೊಡೆಯುವ ಬೂತಿನಲ್ಲಿ ಇಡಲು ಬಿಡುವುದಿಲ್ಲ. ರೂಮಿಗೆ ತಂದು ನನ್ನ ಮಂಚದ ಮೇಲ್ಗಡೆ ಗೋಡೆಗೆ ಕೊಕ್ಕೆ ಹೊಡೆದು ತೂಗುಹಾಕಿದ್ದೇನೆ. ಮಲಗಿ ಕಣ್ಣು ಬಿಟ್ಟರೆ ನಮ್ಮ ಕಾರೇ ನನ್ನ ಮೇಲೆ ಬರುತ್ತಿರುವ ಹಾಗೆ ಕಾಣುತ್ತದೆ. ಹಗಲೆಲ್ಲ ತಗಡು ಬಡಿಯುವ, ನನ್ನ ರೂಮಿನ ಟಿಂಕರ್ ಗೊರಕೆ ಹೊಡೆದಾಗ ಇಂಜಿನ್ನೂ ಚಾಲೂ ಆಗುತ್ತದೆ. ಅವನು ಬಂಪರನ್ನು ನೋಡಿ, "ಏನಣ್ಣ, ಎಲ್ಲರೂ ಹೆಂಡ್ತಿ ಫೋಟೋ ಹಾಕ್ಕೋತಾರೆ, ನೀನು ಇದನ್ನ ಹಾಕ್ಕೊಂಡಿದೀಯ" ಎಂದ. ನಾನು ಕೊಕ್ಕೆಗೆ ಇನ್ನೊಂದು ಏಟು ಹಾಕಿದೆ.

ಇಲ್ಲಿನ ಬೂತ್ ಬಗ್ಗೆ ನಿನಗೆ ಹೇಳಿದ್ದೇನೆ. ನೆರಳೇ ಬೀಳದ ದೀಪ, ಗಾಳಿಯನ್ನು ಸೋಸುವ ಫ್ಯಾನು, ತಲೆಯಿಂದ ಕಾಲಿನ ತನಕ ಬಿಳಿ ಅಂಗಿ. ಎರಡು ವರ್ಷದಲ್ಲಿ ಒಂದು ನುಸಿಯೂ ಹಸಿ ಬಣ್ಣದ ಮೇಲೆ ಕೂತಿಲ್ಲ. ನಮ್ಮ ಶೆಡ್ಡಿನಲ್ಲಿ ಕಾರಿಗೊಂದು ಕೂರುತ್ತಿತ್ತು. ನಾನು ಕೂಗಿದರೆ ನೀನು ಸೆರಗಿನ ಪಿನ್ನು ತೆಗೆದುಕೊಂಡು ಬಂದು, ಉಸಿರು ಬಿಗಿಹಿಡಿದು, ಬಣ್ಣಕ್ಕೆ ತಾಗಿಸದೆ ಎತ್ತುತ್ತಿದ್ದೆ. ಇಲ್ಲಿ ಯಾರನ್ನೂ ಕೂಗುವ ಅಗತ್ಯವೇ ಬೀಳುವುದಿಲ್ಲ.

ಈಗ ಕೆಲಸದ ಮಾತು. ಬಣ್ಣ ಸಿಗುತ್ತಿಲ್ಲ. ಇಲ್ಲಿನ ಮೆಷಿನ್ನಿಗೆ ತೋರಿಸಿದರೆ ಅಂಥ ಬಣ್ಣವೇ ಇಲ್ಲ ಎನ್ನುತ್ತದೆ. ನೆನಪಿನಿಂದ ಕಲಸಿ ನೋಡಿದೆ, ಒಂದು ಲೋಟ ಕಪ್ಪಾಯಿತು, ಒಂದು ನೀಲಿಗೆ ಹೋಯಿತು. ಬಂಪರ್ ಪ್ಲಾಸ್ಟಿಕ್ಕು, ಬಿಸಿಲಿಗೆ ತನ್ನದೇ ರೀತಿಯಲ್ಲಿ ಮಾಸಿದೆ, ಅದನ್ನು ನಂಬುವ ಹಾಗಿಲ್ಲ. ತಗಡಿನ ಮೇಲಿರುವ ಬಣ್ಣ ಬೇಕು. ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿ ಕಳಿಸು. ಪೇಂಟರುಗಳೆಲ್ಲ ಮಾದರಿಗೆ ಅದನ್ನೇ ತೆಗೆದುಕೊಳ್ಳುವುದು ಎಂದು ನಿನಗೆ ಗೊತ್ತಲ್ಲ. ಇಲ್ಲಿಂದ ಆ ಕಡೆಗೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಯಾರೂ ಇಲ್ಲ. ಲಾರಿಗೇ ಹಾಕಬೇಕು.

ಇನ್ನೊಂದು ಮಾತು. ಕರಾರು ಮುಗಿಯುತ್ತ ಬಂತು. ಈ ಸಲ ಮೂರು ವರ್ಷಕ್ಕೆ ಬರೆದುಕೊಡಬೇಕು ಎಂದು ಮ್ಯಾನೇಜರ್ ಕೇಳುತ್ತಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಸಹಿ ಹಾಕಬೇಕು, ಇಲ್ಲವೇ ಹೊರಡಬೇಕು. ನಾನಿನ್ನೂ ಏನೂ ಹೇಳಿಲ್ಲ. ನೀನೇನು ಹೇಳುತ್ತೀಯ?

ಪೇಂಟರ್


ಫೆಬ್ರವರಿ 6

ಯಜಮಾನರಿಗೆ,

ಮುಚ್ಚಳ ಕಳಿಸಿದ್ದೇನೆ. ಹತ್ತಿಯಲ್ಲಿ ಸುತ್ತಿ, ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೊದಲು ಬಂಪರ್ ಹೋಯಿತು, ಈಗ ಮುಚ್ಚಳ. ಹೀಗೇ ಒಂದೊಂದಾಗಿ ಕಳಿಸುತ್ತಿದ್ದರೆ ಕಾರೆಲ್ಲ ನಿಮ್ಮ ರೂಮು ಸೇರುತ್ತದೆ, ಇಲ್ಲಿ ನಾನು ಸ್ಟೀರಿಂಗ್ ಹಿಡಿದುಕೊಂಡು ನೆಲದ ಮೇಲೆ ಕೂರಬೇಕು.

ಅತ್ತೆಗೆ ಈ ಕಳಿಸುವ ವ್ಯವಹಾರ ಹಿಡಿಸಿಲ್ಲ. "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ಲಂತೆ" ಎಂದು ಬೆಳಿಗ್ಗೆಯಿಂದ ಎರಡು ಸಲ ಅಂದರು. ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಶೆಡ್ಡಿನ ಥಿನ್ನರ್ ವಾಸನೆಗೆ ಕೆಮ್ಮು ಬರುತ್ತದೆ ಎಂದೂ ಗೊಣಗುತ್ತಾರೆ, ಆದರೆ ಕುರ್ಚಿ ಮಾತ್ರ ಅಲ್ಲಿಂದ ಕದಲಿಸುವುದಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಚಳಿ ಇರುವಾಗ ಬಣ್ಣದ ಮೇಲೆ ಹೊಳಪಿನ ಕ್ಲಿಯರ್ ಹೊಡೆದರೆ ಕೆಳಗಡೆ ಹನಿ ಇಳಿಯುತ್ತದಲ್ಲ, ಅದು ಥಿನ್ನರ್ ಹೆಚ್ಚಾದುದರಿಂದಲೋ, ಸ್ಪ್ರೇ ಗನ್ ಹತ್ತಿರ ಹಿಡಿಯುವುದರಿಂದಲೋ? ಸುಮ್ಮನೆ ಕೇಳಿದೆ. ಎದುರಿನ ಕ್ಷೌರದಂಗಡಿಯವರ ಜೊತೆ ಯಾವುದೋ ಮಾತು ಬಂದಿತ್ತು.

ಕರಾರಿನ ವಿಷಯ. ನಾನೇನು ಹೇಳಲಿ? ಅಲ್ಲಿನ ಬೂತು, ಅಲ್ಲಿನ ದೀಪ, ನಿಮ್ಮ ಕೈಗೆ ತಕ್ಕ ಜಾಗ. ಹೊರಡುವ ದಿನ ಒಂದು ವರ್ಷ ಅಂದಿರಿ, ಎರಡಾಯಿತು. ನಾನು ಆಗಲೂ ಬೇಡ ಅನ್ನಲಿಲ್ಲ. ನಿಮಗೆ ತಿಳಿದ ಹಾಗೆ ಮಾಡಿ. ಇಲ್ಲಿನದು ಏನೂ ಯೋಚನೆ ಬೇಡ.

ಬೆಳಿಗ್ಗೆ ಎರಡು ಲೋಟ ಕಾಫಿ ಹೆಚ್ಚಿಗೆ ಮಾಡುವ ಚಾಳಿ ಈಗ ಒಂದು ಲೋಟಕ್ಕೆ ಇಳಿದಿದೆ. ಅದನ್ನು ಅತ್ತೆ ಕುಡಿಯುತ್ತಾರೆ.

ಶೆಡ್ಡಿನವಳು


ಫೆಬ್ರವರಿ 25

ಫಿಟ್ಟರಮ್ಮನಿಗೆ,

ಮುಚ್ಚಳ ತಲುಪಿ ಬಹಳ ದಿನವಾಯಿತು. ಕೆಲಸ ಹೆಚ್ಚಿತ್ತು, ಬರೆಯಲಾಗಲಿಲ್ಲ.

ಬೂತಿನ ದೀಪದ ಅಡಿಯಲ್ಲಿ ಮುಚ್ಚಳವನ್ನು ನೋಡಿದೆ. ಬಣ್ಣ ಚೆನ್ನಾಗಿ ಕೂತಿದೆ. ನಾನು ಕಲಸಿದ್ದ ಲೋಟಗಳನ್ನು ಚೆಲ್ಲಿದೆ. ಈ ಮುಚ್ಚಳ ನೋಡಿಕೊಂಡೇ ಹೊಸದಾಗಿ ಕಲಸುತ್ತೇನೆ.

ಹನಿ ಇಳಿಯುವುದಕ್ಕೆ ಎರಡೂ ಕಾರಣ. ಗನ್ ಒಂದು ಗೇಣಿಗಿಂತ ಹತ್ತಿರ ಬರಬಾರದು. ತಗಡಿನ ಮೇಲೆ ಬಂದಮೇಲೆ ಗುಂಡಿ ಒತ್ತಿದರೆ ಅಂಚಿನಲ್ಲಿ ದಪ್ಪವಾಗುತ್ತದೆ. ಹೊರಗಿನಿಂದಲೇ ಒತ್ತಿಕೊಂಡು ಬಂದು, ಹೊರಗೆ ಹೋಗಿ ಬಿಡಬೇಕು. ಹೊಸ ಕೈಗಳು ಮಾಡುವ ತಪ್ಪು ಅದು.

ಈಗ ಶೆಡ್ಡಿಗೆ ಯಾರಾದರೂ ಬರುತ್ತಾರೆಯೇ?

ಅಮ್ಮನಿಗೆ ಕೆಮ್ಮಿನ ಔಷಧಿ ಕೊಡಿಸು.

ಪೇಂಟರ್


ಮಾರ್ಚ್ 3

ಯಜಮಾನರಿಗೆ,

ಇದೇನು ಕಾಗದವೋ ಲಾರಿ ಆಫೀಸಿನ ರಸೀತಿಯೋ? ಅತ್ತೆಗೆ ಓದಿ ಹೇಳಿದೆ. "ಅಷ್ಟೇನಾ?" ಎಂದು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಿಮಗೆ ಹುಷಾರಿದೆ ತಾನೆ? ಅಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ?

ಶೆಡ್ಡಿಗೆ ಯಾರಾದರೂ ಬರುತ್ತಾರೆಯೇ ಎಂದು ಕೇಳಿದ್ದೀರಿ. ಬರದೆ ಏನು? ಬೇಕಾದಷ್ಟು ಬರುತ್ತಾರೆ. ನೀವು ಹೋದಮೇಲೆ ಶೆಡ್ಡಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ ಎಂದುಕೊಂಡಿರೋ? ಕಳೆದ ವಾರ ನರ್ಸಮ್ಮನ ಕಾರಿನ ಎರಡು ಬಾಗಿಲಿಗೆ ಬಣ್ಣವಾಯಿತು. ಅದಕ್ಕಿಂತ ಮುಂಚೆ ಹಾಲಿನ ವ್ಯಾನಿನದು. ಜನ ನೋಡಿ, ಮೊದಲಿನ ಹಾಗೇ ಇದೆ ಅನ್ನುತ್ತಾರೆ. ಇಲ್ಲಿನ ಬಗ್ಗೆ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎಲ್ಲ ನಡೆಯುತ್ತದೆ.

ಮಾರ್ಚ್ ಬಂತು. ಸಹಿಯ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. ಹಾಕುತ್ತೀರೋ ಬಿಡುತ್ತೀರೋ ಅದು ನಿಮಗೆ ಸೇರಿದ್ದು, ಆದರೆ ತಿಳಿಸಿದರೆ ಅತ್ತೆಗೆ ಸಮಾಧಾನ. ಅವರು ದಿನಾ ಕೇಳುತ್ತಾರೆ. ಅವರೇ ಕೇಳುವುದು.

ಕಾರಿನ ಮೂತಿಗೆ ಹಳೆ ಲುಂಗಿ ಕಟ್ಟಿದ್ದೇನೆ, ರೇಡಿಯೇಟರಿಗೆ ಧೂಳು ಬೀಳದಿರಲಿ ಎಂದು. ನಿಮ್ಮ ನೀಲಿ ಚೌಕಳಿಯದು. ಒಗೆದೇ ಕಟ್ಟಬೇಕಿತ್ತು, ಒಗೆಯದೆ ಇಷ್ಟು ದಿನ ಇಟ್ಟುಕೊಂಡಿದ್ದೆ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಶೆಡ್ಡಿನವಳು


ಮಾರ್ಚ್ 13

ಫಿಟ್ಟರಮ್ಮನಿಗೆ,

ಬಂಪರ್ ಲಾರಿಗೆ ಹಾಕಿದ್ದೇನೆ. ಮುಚ್ಚಳವೂ ಅದರೊಳಗೇ ಇದೆ.

ಜೋಡಿಸುವ ಮೊದಲು ಎರಡೂ ಮಡ್‌ಗಾರ್ಡಿನ ಅಂಚಿಗೆ ದಪ್ಪಗೆ ಟೇಪ್ ಹಚ್ಚು. ಮೊದಲು ಪಕ್ಕದ ಪಟ್ಟಿಗಳಿಗೆ ಕೂರಿಸಿ, ಆಮೇಲೆ ಮೇಲಿನ ಬೋಲ್ಟು. ಅಡಿಯದು ಕೊನೆಗೆ. ಎಲ್ಲ ಅರ್ಧ ಬಿಗಿದು, ಸಂದು ಎರಡೂ ಕಡೆ ಸಮ ಇದೆಯೇ ನೋಡಿ, ನಂತರ ಪೂರ್ತಿ ಬಿಗಿ. ಇದೆಲ್ಲ ನಿನಗೆ ಗೊತ್ತಿರುವುದೇ. ಆಚೆ ತುದಿ ಹಿಡಿಯಲು ಅಮ್ಮನನ್ನು ನಿಲ್ಲಿಸಬೇಡ. ಈಗ ಹಿಡಿಯುವವರು ಇದ್ದಾರಲ್ಲ.

ಆ ಮುಚ್ಚಳ ನಾನು ಹೊಡೆದದ್ದಲ್ಲ. ಬಿಸ್ಕತ್ತಿನ ಡಬ್ಬಿ ತೆಗೆದ ಕೂಡಲೇ ಗೊತ್ತಾಯಿತು. ನನ್ನ ಬಣ್ಣಕ್ಕಿಂತ ಒಂದು ಎಳೆ ಕೆಂಪು ಹೆಚ್ಚು. ಅಂಚಿನಲ್ಲಿ ದಪ್ಪ, ಕೆಳಗೆ ಒಂದು ಹನಿ ಇಳಿದು ಒಣಗಿದೆ. ಕೈ ಹೊಸದು, ಆದರೆ ಕಣ್ಣು ಒಳ್ಳೆಯದಿದೆ. ಆ ಬಣ್ಣವನ್ನು ಕಣ್ಣಿನಲ್ಲೇ ಅಷ್ಟು ಹತ್ತಿರ ತಂದವನು ಮುಂದೆ ಒಳ್ಳೆಯ ಪೇಂಟರ್ ಆಗುತ್ತಾನೆ. ಬಂಪರಿಗೂ ಅದೇ ಬಣ್ಣ ಕಲಸಿ ಹೊಡೆದಿದ್ದೇನೆ. ನನ್ನ ಹಳೆಯ ಬಣ್ಣವನ್ನು ಹುಡುಕುವುದು ಬಿಟ್ಟೆ. ಈಗ ಶೆಡ್ಡಿನಲ್ಲಿ ಯಾವ ಬಣ್ಣ ನಡೆಯುತ್ತದೋ ಕಾರಿಗೂ ಅದೇ ಇರಲಿ.

ಯಾರಾದರೂ ಬರುತ್ತಾರೆಯೇ ಎಂದು ನಾನು ಕೇಳಿದೆ. ನೀನು ಬೇಕಾದಷ್ಟು ಜನ ಬರುತ್ತಾರೆ ಎಂದೆ. ನರ್ಸಮ್ಮನ ಬಾಗಿಲು, ಹಾಲಿನ ವ್ಯಾನು, ಮೊದಲಿನ ಹಾಗೇ ಇದೆ ಎಂದೂ ಬರೆದೆ. ಸಂತೋಷ. ನೀನು ಮುಂಚೆಯೇ ತಿಳಿಸಿದ್ದರೆ ಇಷ್ಟು ದಿನ ಮಂಚದ ಮೇಲೆ ಮಲಗಿ ಬಂಪರ್ ನೋಡುತ್ತ, ಇದನ್ನು ಹೇಗೆ ಕೈಯಲ್ಲಿ ಹಿಡಿದುಕೊಂಡು ಬರುವುದು, ರೈಲಿನಲ್ಲಿ ಬಿಡುತ್ತಾರೋ ಇಲ್ಲವೋ ಎಂದೆಲ್ಲ ಲೆಕ್ಕ ಹಾಕುತ್ತಿರಲಿಲ್ಲ.

ನನ್ನ ಗನ್ ಅವನೇ ಬಳಸಲಿ. ಕೆಲಸ ಮುಗಿದ ತಕ್ಷಣ ತೊಳೆಯಲು ಹೇಳು. ಒಣಗಲು ಬಿಟ್ಟರೆ ಮೂಗು ಕಟ್ಟಿಕೊಳ್ಳುತ್ತದೆ.

ಸಹಿ ಹಾಕಿದೆ. ಅಮ್ಮನಿಗೆ ತಿಳಿಸು.

ಪೇಂಟರ್


ಮಾರ್ಚ್ 18

ರೀ,

ಬಂಪರ್ ಮಧ್ಯಾಹ್ನ ಬಂತು. ಹೊದಿಕೆ ಬಿಚ್ಚುವ ಮೊದಲು ಕಾಗದ ಓದಿದೆ. ಒಂದು ಸಲ ಓದಿದೆ, ತಿಳಿಯಲಿಲ್ಲ. ಎರಡನೇ ಸಲ ಓದಿದಾಗ "ಅವನೇ ಬಳಸಲಿ" ಎಂಬಲ್ಲಿ ಕಣ್ಣು ನಿಂತಿತು. ಯಾರಪ್ಪ ಇವನು ಎಂದು ನಾನೇ ಒಂದು ಗಳಿಗೆ ಶೆಡ್ಡಿನ ಸುತ್ತ ನೋಡಿದೆ. ಆಮೇಲೆ ಅತ್ತೆಗೆ ಓದಿದೆ. ಅವರು ನಕ್ಕದ್ದನ್ನು ಎದುರಿನ ಅಂಗಡಿಯಲ್ಲಿ ಕ್ಷೌರಕ್ಕೆ ಕೂತವರೂ ಅರ್ಧ ಗಡ್ಡದಲ್ಲೇ ಎದ್ದು ಬಂದು ನೋಡಿದರು. ನನಗೆ ಮಾತ್ರ ನಗು ಬರಲಿಲ್ಲ. "ಸಹಿ ಹಾಕಿದೆ" ಎನ್ನುವ ಸಾಲನ್ನು ನಾನು ಅವರಿಗೆ ಓದಿರಲಿಲ್ಲ.

ಆ ಹೊಸ ಕೈ ನನ್ನದು.

ನೀವು ಹೊರಟುಹೋದ ವರ್ಷದ ಮಳೆಗಾಲದಲ್ಲಿ ಶುರುಮಾಡಿದೆ. ನಿಮ್ಮ ಗನ್ ತೊಳೆದು ಎತ್ತಿಡೋಣ ಎಂದು ಕೈಗೆ ತೆಗೆದುಕೊಂಡೆ, ಎತ್ತಿಡಲು ಮನಸ್ಸು ಬರಲಿಲ್ಲ. ಹಿಡಿಯ ಮೇಲೆ ನಿಮ್ಮ ಹೆಬ್ಬೆರಳು ಸವೆಸಿದ ಜಾಗ ಇದೆ, ಅಲ್ಲಿ ಬೆರಳಿಟ್ಟು ನೋಡಿದೆ. ಮೊದಲು ಹಳೆಯ ಟಿನ್ನುಗಳಿಗೆ ನೀರು ಹೊಡೆದೆ. ಆಮೇಲೆ ಗುಜರಿಯ ಬಾಗಿಲುಗಳಿಗೆ ಉಳಿದ ಬಣ್ಣ ಹೊಡೆದೆ. ಅತ್ತೆ ಕುರ್ಚಿ ಹಾಕಿಕೊಂಡು ಕೂತು, "ನನ್ನ ಮಗ ಹೀಗೆ ಹೊಡೀತಿರ್ಲಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳಿಯೇ ನನಗೆ ಕಲಿಸಿದರು. ಪೆಟ್ರೋಲ್ ಬಂಕಿನವನು ಪೈಪು ತಾಗಿಸಿ ಮುಚ್ಚಳದ ಬಣ್ಣ ಎಬ್ಬಿಸಿದ್ದ. ಅದನ್ನು ಬಿಚ್ಚಿ, ಆ ಬದನೆಕಾಯಿ ಬಣ್ಣವನ್ನು ಎಂಟು ಸಲ ಕಲಸಿ ಹೊಡೆದೆ. ಪಕ್ಕದಲ್ಲಿರುವ ಮುಚ್ಚಳ, ಯಾರ ಕಣ್ಣಿಗೂ ಬೀಳಲಿಲ್ಲ. ನೀವು ಕೇಳಿದ್ದೂ ಅದನ್ನೇ. ಬೇರೆ ಏನನ್ನಾದರೂ ಬಿಚ್ಚಿ ಕಳಿಸಬಹುದಿತ್ತು. ಕಳಿಸಲಿಲ್ಲ. ನಿಮ್ಮ ಕೈಯಲ್ಲಿ ಒಮ್ಮೆ ಪಾಸಾಗುತ್ತದೆಯೋ ನೋಡೋಣ ಎನ್ನುವ ಆಸೆ.

ಪಾಸಾಯಿತು. ನಿಮ್ಮ ಹೊಟ್ಟೆಗೆ ಬೆಂಕಿ ಬೀಳುವಷ್ಟು ಚೆನ್ನಾಗಿ ಪಾಸಾಯಿತು.

ನರ್ಸಮ್ಮನ ಬಾಗಿಲನ್ನು ಹೊಡೆದದ್ದೂ ನಾನೇ. ಹಾಲಿನ ವ್ಯಾನೂ ನನ್ನದೇ. ಕೈಗಾಡಿ ಗೀರಿದ ಬಂಪರನ್ನು ಒಂದು ಬೆಳಗಿನಲ್ಲಿ ನಾನೇ ಮುಗಿಸಬಹುದಿತ್ತು. ನೀವೇ ಅಂದಿರಲ್ಲ, ಬ್ರಷ್ಷಿನಲ್ಲೇ ಮುಚ್ಚಬಹುದಿತ್ತು ಎಂದು. ಆದರೂ ಬಿಚ್ಚಿದೆ, ಕಟ್ಟಿದೆ, ಕಳಿಸಿದೆ. ಕೈಯಲ್ಲೇ ತರುವುದು ವಾಸಿ ಎಂದು ಬರೆದೆ. ಅದನ್ನು ಓದಿ ನೀವು ಈ ಕಡೆಗೆ ಬರುವವರು ಯಾರಾದರೂ ಇದ್ದಾರೆಯೇ ಎಂದು ಊರೆಲ್ಲ ವಿಚಾರಿಸಿದಿರಿ. ನಿಮ್ಮಂಥ ಬುದ್ಧಿವಂತರನ್ನು ಕಟ್ಟಿಕೊಂಡು ನಾನು ಇಷ್ಟು ವರ್ಷ ಬಾಳಿದ್ದೇ ಹೆಚ್ಚು.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀರಿ. ಇಲ್ಲಿ ಬಣ್ಣದ ಕೆಲಸ ನೀವಿಲ್ಲದೆಯೂ ನಡೆಯುತ್ತದೆ ಎಂದು ತಿಳಿದರೆ ಅಲ್ಲಿಯೇ ಉಳಿದುಬಿಡುತ್ತೀರಿ ಎಂದು. ಶೆಡ್ಡಿಗೆ ನಿಮ್ಮ ಕೈ ಬೇಕು, ಅದಿಲ್ಲದೆ ಆಗುವುದಿಲ್ಲ ಎಂದು ಇದ್ದರೆ ಒಂದಲ್ಲ ಒಂದು ದಿನ ಬಂದೇ ಬರುತ್ತೀರಿ ಎಂದುಕೊಂಡಿದ್ದೆ. ಕೆಲಸದ ಹೆಸರು ಹೇಳಿ ಕರೆಯುವುದು ಸುಲಭ. ನಾವಿಬ್ಬರೂ ಇಷ್ಟು ವರ್ಷ ಕೂಗಿಕೊಂಡದ್ದೆಲ್ಲ ಸ್ಪ್ಯಾನರ್ ಕೊಡು, ಟೇಪ್ ಹಿಡಿ, ನುಸಿ ಕೂತಿದೆ ಬಾ ಎಂದಲ್ಲವೇ. ಬೇರೆ ರೀತಿ ಕರೆದು ನನಗೆ ಅಭ್ಯಾಸವಿಲ್ಲ. ನಿಮ್ಮ ಕರಾರಿನ ಮಾತು ಬಂದಾಗ "ಬೇಡ, ಬನ್ನಿ" ಎಂದು ಬರೆಯಲು ಪೆನ್ನು ಹಿಡಿದು ಕೂತೆ. ಕೊನೆಗೆ ಬರೆದದ್ದು, ನಿಮಗೆ ತಿಳಿದ ಹಾಗೆ ಮಾಡಿ ಎಂದು. ಕಾಗದ ಮಡಚುವಾಗಲೇ ನನ್ನ ಬಾಯಿಗೆ ಇಷ್ಟು ಬೆಂಕಿ ಹಾಕಬೇಕು ಅನ್ನಿಸಿತು.

ಬಂಪರ್ ಸಂಜೆ ಜೋಡಿಸಿದೆವು. ಅತ್ತೆಯೇ ಆಚೆ ತುದಿ ಹಿಡಿದರು. ನೀವು ಬೇಡ ಎಂದದ್ದಕ್ಕೇ ಹಟಹಿಡಿದು ಬಂದರು. ಎಡಗಡೆಯ ಪಟ್ಟಿ ಮೊದಲ ಸಲ ಕೂರಲಿಲ್ಲ, ಒಂದು ಕ್ಲಿಪ್ ತಲೆಕೆಳಗಾಗಿತ್ತು, ತಿರುಗಿಸಿದ ಮೇಲೆ ಟಕ್ಕೆಂದು ಕೂತಿತು. ಸಂದು ಎರಡೂ ಕಡೆ ಸಮವಾಗಿದೆ. ಫಾಗ್ ಲ್ಯಾಂಪ್ ಹತ್ತುತ್ತದೆ. ಬಣ್ಣ ಕನ್ನಡಿಯ ಹಾಗಿದೆ, ಅಂಥ ಕೆಲಸ ಈ ಶೆಡ್ಡಿನಲ್ಲಿ ನಾನು ಹತ್ತು ವರ್ಷ ಗುದ್ದಾಡಿದರೂ ಆಗುವುದಿಲ್ಲ. ಆದರೆ ಬಾನೆಟ್ಟಿಗಿಂತ ಒಂದು ಎಳೆ ಕೆಂಪು. ನನ್ನ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಯಾರೂ ಇದುವರೆಗೆ ನಕಲು ಮಾಡಿರಲಿಲ್ಲ. ಅತ್ತೆ ನೋಡಿ, "ಮುಖ ಕೆಂಪು ಮಾಡ್ಕೊಂಡು ನಿಂತಿದೆ ನೋಡು, ಥೇಟ್ ನಿನ್ನ ಗಂಡನ ಹಾಗೆ" ಎಂದರು. ಆಗ ನನಗೂ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಅತ್ತೆ ಏನೂ ಕೇಳಲಿಲ್ಲ, ಒಳಗೆ ಹೋಗಿ ಅವರೇ ಕಾಫಿ ಇಟ್ಟರು.

ಸಹಿ ಹಾಕಿದ್ದೀರಿ. ಮೂರು ವರ್ಷ. ಕರಾರು ಮುರಿಯಿರಿ ಎಂದು ಹೇಳಲು ನಾನು ಯಾರು ಎಂದು ಈ ಮೊದಲಾಗಿದ್ದರೆ ಬರೆಯುತ್ತಿದ್ದೆ. ಈಗ ಹಾಗೆ ಬರೆಯುವುದಿಲ್ಲ. ನಾನು ನಿಮ್ಮ ಹೆಂಡತಿ.

ಇಲ್ಲಿ ಬಣ್ಣ ಹೊಡೆಯುತ್ತೇನೆ, ಬಿಚ್ಚುತ್ತೇನೆ, ಜೋಡಿಸುತ್ತೇನೆ. ಅತ್ತೆಯನ್ನು ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ನೀವು ಬೇಕಾಗಿಲ್ಲ. ನನಗೆ ಬೇಕು. ಬನ್ನಿ.

ಇಂತಿ ನಿಮ್ಮವಳು


ಮಾರ್ಚ್ 27

ನನ್ನವಳಿಗೆ,

ಹೀಗೆ ಬರೆಯುವುದು ಇದೇ ಮೊದಲು. ಮೊದಲ ಕೋಟು ಒರಟಾಗಿಯೇ ಬರುತ್ತದೆ ಎಂದು ನಿನಗೆ ಗೊತ್ತು.

ನಿನ್ನ ಕಾಗದವನ್ನು ಬೂತಿನ ಹೊರಗೆ ನಿಂತು, ಬಿಳಿ ಅಂಗಿಯಲ್ಲೇ ಓದಿದೆ. ಟಿಂಕರ್ ಬಂದು, ಯಾರಿಗಾದ್ರೂ ಏನಾದ್ರೂ ಆಯ್ತಾ ಎಂದು ಕೇಳಿದ. ಇಲ್ಲ ಎಂದೆ. ಮತ್ತೆ ಯಾಕೆ ಅಳ್ತಿದ್ದೀಯ ಎಂದ. ಥಿನ್ನರ್ ಕಣ್ಣಿಗೆ ಹೋಯಿತು ಎಂದೆ. ಅವನು ನಂಬಲಿಲ್ಲ.

ಮುಚ್ಚಳ ಬಂದ ದಿನದಿಂದ ನನ್ನ ತಲೆಯಲ್ಲಿ ಓಡಿದ್ದನ್ನು ಬರೆದರೆ ನೀನು ನನ್ನನ್ನು ಮನೆಗೆ ಸೇರಿಸುವುದಿಲ್ಲ. ನಮ್ಮ ಶೆಡ್ಡಿನಲ್ಲಿ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಒಬ್ಬ ಆಳನ್ನು ನಿಲ್ಲಿಸಿದ್ದೆ. ಅವನಿಗೆ ವಯಸ್ಸು ಕೊಟ್ಟೆ, ಎತ್ತರ ಕೊಟ್ಟೆ, ಮೀಸೆಯನ್ನೂ ಕೊಟ್ಟೆ. ನೀನು ಅವನಿಗೆ ಟೇಪ್ ಹಿಡಿಯುತ್ತಿದ್ದೆ. ಇಲ್ಲಿ ನಾನು ನಿದ್ದೆಗೆಟ್ಟು ಅವನ ಬಣ್ಣವನ್ನು ಕಲಸುತ್ತಿದ್ದೆ. ಎರಡು ಸಲ ಅವನು ಯಾರು ಎಂದು ನೇರವಾಗಿ ಕೇಳಿ ಕಾಗದ ಬರೆದು ಹರಿದೆ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಹೆದರಿಕೆ. ಸಹಿ ಹಾಕಿದ್ದು ಆ ಸಿಟ್ಟಿನಲ್ಲೇ. ನೀನು ಒಂದು ಸಲ ಬಾ ಎಂದಿದ್ದರೆ ಹಾಕುತ್ತಿರಲಿಲ್ಲ ಎಂದು ನಿನ್ನ ಮೇಲೆ ಹೊರಿಸುವುದಿಲ್ಲ. ಬರುತ್ತೇನೆ ಎಂದು ನಾನೂ ಒಂದು ಸಲವಾದರೂ ಬರೆಯಬಹುದಿತ್ತು. ನೀನೇನು ಹೇಳುತ್ತೀಯ ಎಂದು ಕೇಳಿ ಕೈಕಟ್ಟಿ ಕೂತೆ.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋದೆ. ಸಹಿ ವಾಪಸ್ಸು ಬೇಕು ಎಂದೆ. ಬೇರೆ ಕಡೆ ಕೆಲಸ ಸಿಕ್ಕಿತಾ ಎಂದು ಕೇಳಿದರು. ಇಲ್ಲ, ಊರಿಗೆ ಹೋಗುತ್ತೇನೆ ಎಂದೆ. ಕುರ್ಚಿಗೆ ಒರಗಿದರು. ಇಂಥ ಬೂತು ಆ ಕಡೆ ಎಲ್ಲೂ ಇಲ್ಲ, ಈ ಕೈಯನ್ನು ಅಲ್ಲಿ ಹಾಳು ಮಾಡುತ್ತೀಯಾ, ಮೂರು ವರ್ಷದ ನಂತರ ಮೇಸ್ತ್ರಿ ಮಾಡುತ್ತೇನೆ ಎಂದೆಲ್ಲ ಹೇಳಿದರು. ಮನುಷ್ಯ ಕೆಟ್ಟವರಲ್ಲ. ಹೋಗುವ ಮುಂಚೆ ನಾನು ಕಾರಣಗಳನ್ನು ಜೋಡಿಸಿಕೊಂಡಿದ್ದೆ. ಅಮ್ಮನಿಗೆ ವಯಸ್ಸಾಯಿತು, ಶೆಡ್ಡು ಹಾಳಾಗುತ್ತದೆ, ನೋಡಿಕೊಳ್ಳುವವರಿಲ್ಲ ಎಂದು. ಯಾವುದೂ ನಿಜವಲ್ಲ ಎಂದು ನಿನ್ನ ಕಾಗದ ಓದಿದವನಿಗೆ ಚೆನ್ನಾಗಿ ಗೊತ್ತು. ಬಾಯಿಗೆ ಬರಲಿಲ್ಲ.

ನನ್ನ ಜಾಗಕ್ಕೆ ಇನ್ನೊಬ್ಬ ಪೇಂಟರ್ ಸಿಗುವ ತನಕ ಇರಬೇಕಂತೆ. ಹೆಚ್ಚೆಂದರೆ ಏಪ್ರಿಲ್ ನಡುವಿನ ತನಕ. ಅಷ್ಟು ದಿನ ಹೇಗೆ ಕಳೆಯುವುದೋ ತಿಳಿಯದು. ಮಂಚದ ಮೇಲಿನ ಗೋಡೆಯಲ್ಲಿ ಈಗ ಕೊಕ್ಕೆ ಮಾತ್ರ ಇದೆ, ಅದನ್ನೇ ನೋಡುತ್ತ ಮಲಗುತ್ತೇನೆ.

ಕೊನೆಗೆ ಮ್ಯಾನೇಜರ್ ಕಪಾಟು ತೆಗೆದು ಕರಾರಿನ ಕಾಗದ ಹುಡುಕಿದರು. ಕೊಡುವ ಮುಂಚೆ ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಸಲ ಕೇಳಿದರು.

"ಅಲ್ಲಪ್ಪ, ಅಲ್ಲಿ ಅಂಥಾ ಕೆಲ್ಸ ಏನಿದೆ?"

"ಕೆಲ್ಸ ಏನೂ ಇಲ್ಲ ಸಾರ್. ಕೆಲ್ಸನೆಲ್ಲ ಅವಳೇ ಮಾಡ್ತಾಳೆ. ಹೆಂಡ್ತಿ ಕರೆದಿದ್ದಾಳೆ, ಹೋಗ್ಬೇಕು."

ಅವರು ಕಾಗದ ಕೊಟ್ಟರು.